ಮೂರೂಕಾಲು ಅಡಿಯ ನೆಲ

ಹಳೆಯ ಕುರ್ಚಿಗಳಿಗೆ ಹೊಸ ಮೈ ಕೊಡುವುದು ಅವಳ ಕಸುಬು. ಸೋಫಾ, ದಂತವೈದ್ಯರ ಕುರ್ಚಿ, ಬಸ್ಸಿನ ಸೀಟು, ಏನೇ ಬರಲಿ, ಮೊದಲು ಅದರ ಬಟ್ಟೆ ಹರಿದು, ಪುಡಿಪುಡಿಯಾದ ಸ್ಪಂಜು ಕಿತ್ತು, ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ, ಒಳಗಿನ ಮರದ ಕಟ್ಟನ್ನು ಬೆಳಕಿಗೆ ಹಿಡಿದು ನೋಡುವಳು. "ಕಟ್ಟು ಗಟ್ಟಿ ಇದ್ರೆ ಮಿಕ್ಕಿದ್ದು ನನಗೆ ಬಿಡಿ" ಎಂದು ಗಿರಾಕಿಗಳಿಗೆ ಹೇಳುವಳು. ಬೀದಿಯವರ ಬಾಯಲ್ಲಿ ಅವಳು ಗಾದಿಯಕ್ಕ. ಬೀದಿಗೆ ತೆರೆದ ಕೆಳಗಿನ ಉದ್ದನೆಯ ಕೋಣೆಯೇ ಕಾರ್ಖಾನೆ, ಅದರ ಹಿಂದೆ ಅಡುಗೆಮನೆ, ಮೇಲೆ ಮಲಗಲು ಎರಡು ಕೋಣೆ.

ಮನೆಯಲ್ಲಿ ಇದ್ದವರು ಇಬ್ಬರೇ, ಗಾದಿಯಕ್ಕ ಮತ್ತು ಅವಳ ಅತ್ತೆ. ಹನ್ನೆರಡು ವರ್ಷದ ಹಿಂದೆ ಗಂಡ ಬೇರೊಬ್ಬಳ ಜೊತೆ ಬೇರೆ ಊರಲ್ಲಿ ಸಂಸಾರ ಹೂಡಿದಾಗ ಅತ್ತೆ ತಮ್ಮ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆಯಲೇ ಇಲ್ಲ. "ಹೋಗೋನು ಹೋಗ್ಲಿ. ನನಗೆ ಈ ಮನೆ ಕಾಫಿ ರೂಢಿಯಾಗಿದೆ" ಎಂದು ಸೊಸೆಯ ಜೊತೆಯೇ ಉಳಿದರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಹೆಂಗಸು. ವಯಸ್ಸು ಎಪ್ಪತ್ತು ದಾಟಿದ್ದರೂ ದನಿಗೆ ಮಾತ್ರ ಮುಪ್ಪು ಹತ್ತಿರ ಸುಳಿದಿರಲಿಲ್ಲ.

ಒಂದು ಮಧ್ಯಾಹ್ನ ಗಾದಿಯಕ್ಕನ ತಂಗಿ ಎದೆಗೆ ಕಂಬಳಿಯ ಗಂಟೊಂದನ್ನು ಅವಚಿಕೊಂಡು ಬಂದಳು. ತಂಗಿ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು.

"ಎರಡೇ ವಾರ, ಅಕ್ಕ."

"ನಿನ್ನ ಎರಡು ವಾರ ನನಗೆ ಗೊತ್ತು. ಎರಡು ವಾರಕ್ಕೆ ಅಂತ ನೀನು ಒಯ್ದ ಇಸ್ತ್ರಿಪೆಟ್ಟಿಗೆಗೆ ಈಗ ನಾಲ್ಕು ವರ್ಷ."

ತಂಗಿ ನಗಲಿಲ್ಲ. ಗಂಟನ್ನು ನೆಲಕ್ಕೆ ಇಳಿಸಿ, ಕಂಬಳಿಯ ಅಂಚನ್ನು ಮೆಲ್ಲಗೆ ಸರಿಸಿದಳು. ಒಳಗೊಂದು ನಾಯಿ. ಮೈಯ ಕೂದಲನ್ನೆಲ್ಲ ಬೋಳಿಸಿದ್ದರಿಂದ ಬಡಕಲು ಗುಲಾಬಿ ಚರ್ಮ ಬೆತ್ತಲೆಯಾಗಿ ಕಾಣುತ್ತಿತ್ತು. ಅದು ಯಾರನ್ನೂ ನೋಡಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಿನ ಹಿಂದೆ ಬಾಗಿಲು ಹಾಕಿಕೊಂಡ ಹಾಗಿತ್ತು.

ಊರಾಚೆಯ ಹಳೆಯ ಗೋದಾಮಿನಲ್ಲಿ ಯಾವನೋ ಒಬ್ಬ ಮರಿ ಹಾಕಿಸಿ ಮಾರುವುದಕ್ಕೆಂದು ಮೂವತ್ತೆರಡು ನಾಯಿಗಳನ್ನು ತಂತಿಯ ಗೂಡುಗಳಲ್ಲಿ ಇಟ್ಟಿದ್ದನಂತೆ. ಗೂಡಿನ ಮೇಲೆ ಗೂಡು, ತಳಕ್ಕೂ ತಂತಿಯೇ. ಅವನನ್ನು ಹಿಡಿದ ಮೇಲೆ ನಾಯಿಗಳೆಲ್ಲ ಆಸ್ಪತ್ರೆಗೆ ಬಂದವು. ಇದು ಹನ್ನೊಂದನೆಯ ಗೂಡಿನದು. ಹಲ್ಲು ನೋಡಿ ಡಾಕ್ಟರು ಆರು ವರ್ಷ ಎಂದಿದ್ದರು. ಹುಟ್ಟಿದ್ದೂ ಅಲ್ಲೇ ಇರಬೇಕು.

"ಮೈಮೇಲಿನ ಜಡೆ ಕತ್ತರಿಸಿ ತಕ್ಕಡಿಗೆ ಹಾಕಿದ್ವಿ. ಎರಡು ಕಿಲೋ ಬಂತು. ಉಗುರು ಸುತ್ತಿಕೊಂಡು ಪಾದದೊಳಗೇ ಇಳಿದಿತ್ತು. ಅಕ್ಕ, ಇದು ಇವತ್ತಿನವರೆಗೆ ನೆಲ ಮೆಟ್ಟಿಲ್ಲ. ಮಣ್ಣು ಗೊತ್ತಿಲ್ಲ, ಮೆಟ್ಟಿಲು ಗೊತ್ತಿಲ್ಲ, ಹೆಸರಿಟ್ಟು ಯಾರೂ ಕರೆದಿಲ್ಲ. ಆಸ್ಪತ್ರೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಗಲಾಟೆ ಇಲ್ಲದ ಮನೆ ಬೇಕು ಅಂತ ಡಾಕ್ಟರು ಹೇಳಿದ್ರು."

"ಮೊಳೆ ಹೊಡೆಯೋ ಮನೆ ಇದು. ಗಲಾಟೆ ಇಲ್ಲ ಅಂತ ಯಾರು ಹೇಳಿದ್ರು ನಿನಗೆ?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಮೊಳೆ ಹೊಡೆದ್ರೆ ಅದು ಏಳಲ್ಲ ಬಿಡು. ಅದರ ಮುಖ ನೋಡಿದ್ರೆ ಗೊತ್ತಾಗಲ್ವಾ, ಲೈನು ಕಟ್ಟಾಗಿದೆ" ಎಂದರು. ಆಮೇಲೆ, "ಹೆಸರೇನು?" ಎಂದು ಕೇಳಿದರು.

"ಕಾಗದದಲ್ಲಿ ಹನ್ನೊಂದು ಅಂತ ಇದೆ."

"ಹನ್ನೊಂದು ಅಂತ ಕೂಗೋಕೆ ಇದೇನು ಬಸ್ಸಾ?" ಅತ್ತೆ ನಾಯಿಯನ್ನೇ ಒಂದು ನಿಮಿಷ ನೋಡಿದರು. ಅದು ಗೋಡೆಯ ಕಡೆ ಮುಖ ಮಾಡಿ, ಇಷ್ಟು ಜನರಲ್ಲಿ ಒಬ್ಬರಿಗೂ ಒಂದು ನೋಟ ದಯಪಾಲಿಸದೆ ಕೂತಿತ್ತು. "ದೊರೆಸಾನಿ" ಎಂದರು ಅತ್ತೆ. ಹಾಗೆ ಅದು ದೊರೆಸಾನಿಯಾಯಿತು, ಎರಡು ವಾರದ ಮಾತು ಅಲ್ಲಿಗೇ ಮುಗಿಯಿತು.

ಡಾಕ್ಟರು ಕೊಟ್ಟ ಅಪ್ಪಣೆಗಳು ನಾಲ್ಕು ಸಾಲಿನವು. ಮುಟ್ಟಬೇಡಿ. ಕಣ್ಣಿಟ್ಟು ನೋಡಬೇಡಿ. ಹತ್ತಿರ ಕೂರುವುದಾದರೆ ಬೆನ್ನು ತೋರಿಸಿ ಕೂರಿ. ಅವಸರ ಮಾಡಬೇಡಿ. ಮೊದಲ ಮೂರು ಗಾದಿಯಕ್ಕನಿಗೆ ಸುಲಭವಾದವು. ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಮೊಳೆ ಇರುವವಳಿಗೆ ಯಾರನ್ನೂ ಮುದ್ದಿಸುವ ಪುರುಸೊತ್ತು ಇರಲಿಲ್ಲ. ನಾಲ್ಕನೆಯದು ಅವಳ ಜಾಯಮಾನಕ್ಕೇ ಒಗ್ಗದ್ದು.

ದೊರೆಸಾನಿ ಕಾರ್ಖಾನೆಯ ಮೂಲೆಯಲ್ಲಿ, ಬಟ್ಟೆಯ ಉರುಳೆಗಳ ಮರೆಯಲ್ಲಿ ಸೇರಿಕೊಂಡಳು. ತಟ್ಟೆಯಲ್ಲಿಟ್ಟ ಮಾಂಸದ ಚೂರನ್ನು ಎಲ್ಲರೂ ಕಣ್ಮರೆಯಾದ ಮೇಲಷ್ಟೇ ಮುಟ್ಟುವಳು. ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಗಾದಿಯಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ರಿಪೇರಿಗೆ ಬಂದ ಅಲಂಕಾರದ ಮೇಜೊಂದು ಎದುರಿಗಿತ್ತು, ಅದರ ಕನ್ನಡಿಯಲ್ಲಿ ಹಿಂದಿನ ಮೂಲೆ ಕಾಣುತ್ತಿತ್ತು. ದೊರೆಸಾನಿ ಎದ್ದು ನಡೆಯುತ್ತಿದ್ದಳು. ನಾಲ್ಕು ಹೆಜ್ಜೆ, ತಿರುವು. ಮೂರು ಹೆಜ್ಜೆ, ತಿರುವು. ಮತ್ತೆ ನಾಲ್ಕು. ಎದುರಿಗೆ ಇಪ್ಪತ್ತಾರು ಅಡಿ ಖಾಲಿ ನೆಲ ಬಿದ್ದಿದ್ದರೂ, ಏನೂ ಇಲ್ಲದ ಜಾಗದಲ್ಲಿ ಏನೋ ತಾಗಿದಂತೆ ಮೂತಿ ತಿರುಗಿಸಿಕೊಂಡು ಹಿಂದಿರುಗುತ್ತಿದ್ದಳು.

ಗಾದಿಯಕ್ಕ ಮೆಷಿನ್ನಿನ ಪೆಡಲಿನ ಮೇಲಿಟ್ಟ ಕಾಲನ್ನು ಅಲುಗಿಸದೆ ಹಾಗೇ ಕೂತಳು. ಅವಳ ಕಣ್ಣು ಅಳತೆಯ ಕಣ್ಣು. ದೊರೆಸಾನಿ ಮಲಗಿದ ಮೇಲೆ ಮೆಲ್ಲಗೆ ಹೋಗಿ, ಆ ತಿರುವುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಟೇಪು ಹಿಡಿದಳು. ಉದ್ದ ಮೂರೂಕಾಲು ಅಡಿ, ಅಗಲ ಎರಡೂವರೆ. ತಂಗಿಗೆ ಫೋನ್ ಮಾಡಿದಳು.

"ಆ ಗೂಡಿನ ಅಳತೆ ಗೊತ್ತಾ?"

"ಒಂದು ಇಲ್ಲೇ ಹಿತ್ತಲಲ್ಲಿ ಬಿದ್ದಿದೆ, ಇರು." ತಂಗಿ ಹೋಗಿ ಬಂದಳು. "ಮೂರು ಅಡಿ ಮೂರು ಇಂಚು ಉದ್ದ. ಎರಡೂವರೆ ಅಗಲ. ಯಾಕೆ?"

ಗಾದಿಯಕ್ಕ ನೆಲದ ಸೀಮೆಸುಣ್ಣದ ಗುರುತುಗಳನ್ನೇ ನೋಡುತ್ತಾ ನಿಂತಳು. ಫೋನನ್ನು ಕಿವಿಯಿಂದ ತೆಗೆಯುವುದನ್ನೂ ಮರೆತಳು. ಟೇಪಿಲ್ಲ, ಗುರುತಿಲ್ಲ, ಗೋಡೆಯಿಲ್ಲ, ಆದರೂ ಕಾಲು ಇಂಚೂ ತಪ್ಪಿಲ್ಲ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅವಳದು. ಇಷ್ಟು ಕರಾರುವಾಕ್ಕಾದ ಅಳತೆಯನ್ನು ಮೈಯೊಳಗೇ ಹೊತ್ತು ತಿರುಗುವ ಜೀವವನ್ನು ಅವಳು ಕಂಡಿರಲಿಲ್ಲ. ಸಂಕಟ ಆಮೇಲೆ ಬಂತು. ಮೊದಲು ಬಂದದ್ದು ಬೆರಗು.

ಅವತ್ತು ಸಂಜೆಯೊಳಗೆ ಅವಳು ಒಂದು ಚಾಪೆ ಹೊಲಿದಳು. ಉಳಿದ ತುಂಡುಗಳನ್ನು ಕೂಡಿಸಿ, ಒಳಗೆ ತೆಳ್ಳಗೆ ಹತ್ತಿ ಹಾಕಿ, ಮೂರೂಕಾಲಕ್ಕೆ ಎರಡೂವರೆ ಅಡಿ. ಮೂಲೆಯ ತುದಿಗೆ, ಗಲೀಜಾದರೆ ಎತ್ತಿ ತೊಳೆಯಲೆಂದು, ರೆಕ್ಸಿನ್ನಿನ ತುಂಡೊಂದನ್ನು ಹಾಸಿದಳು.

"ಗೂಡಿಂದ ಬಿಡಿಸಿ ತಂದವಳಿಗೆ ಮತ್ತೆ ಗೂಡು ಹೊಲೀತಿದೀಯಲ್ಲ" ಎಂದರು ಅತ್ತೆ.

"ಅವಳು ಬಿಟ್ಟು ಬಂದಿಲ್ಲ ಅತ್ತೆ, ಹೊತ್ತುಕೊಂಡೇ ಬಂದಿದ್ದಾಳೆ. ಮೆತ್ತಗಾದರೂ ಇರಲಿ."

ದೊರೆಸಾನಿ ಅರ್ಧ ದಿನ ಅದನ್ನು ಮೂಸಿದಳು. ಒಂದು ಪಾದ ಇಟ್ಟಳು, ತೆಗೆದಳು. ತಂತಿಯ ಗುರುತು ಬಿದ್ದ ಪಾದಗಳು ಅವು. ಕೊನೆಗೆ ನಾಲ್ಕನ್ನೂ ಇಟ್ಟು, ಮೆಲ್ಲಗೆ ಮಡಿಚಿಕೊಂಡು ಕೂತು, ಬಹಳ ಹೊತ್ತಿನ ಮೇಲೆ ಒಂದು ಮಗ್ಗುಲಿಗೆ ಒರಗಿದಳು. ಇಷ್ಟು ದಿನ ಕೂತೇ ನಿದ್ದೆ ಮಾಡುತ್ತಿದ್ದವಳು ಕಾಲು ಚಾಚಿದಳು. ಅತ್ತೆ ಒಲೆಯ ಮೇಲೆ ಹಾಲಿಟ್ಟು ಬಂದವರು ಹಾಲು ಉಕ್ಕಿ ಸೀದ ವಾಸನೆ ಬಂದರೂ ಅಲುಗಾಡಲಿಲ್ಲ.

ಮೂರನೆಯ ದಿನ, ದೊರೆಸಾನಿ ಮೂಲೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದಾಗ, ಗಾದಿಯಕ್ಕ ಚಾಪೆಯ ಇನ್ನೊಂದು ತುದಿಗೆ ನಾಲ್ಕು ಬೆರಳಗಲದ ಪಟ್ಟಿಯೊಂದನ್ನು ಕೈಯಲ್ಲೇ ಹೊಲಿದಳು. ದೊರೆಸಾನಿ ತಿಂದು ತಿರುಗಿ, ನಾಲ್ಕು ಹೆಜ್ಜೆ ನಡೆದು, ಹಳೆಯ ಅಂಚಿನಲ್ಲಿ ನಿಂತಳು. ಪಟ್ಟಿಯನ್ನು ಮೂಸಿದಳು. ಮಾರನೆಯ ದಿನ ಅದರ ಮೇಲೆ ಕಾಲಿಟ್ಟಳು. ಹಾಗೆ ಶುರುವಾಯಿತು. ಎರಡು ದಿನಕ್ಕೊಂದು ಪಟ್ಟಿ. ಯಾರದೋ ಸೋಫಾದ ಹಸಿರು, ಯಾರದೋ ಪರದೆಯ ಹೂವು. ಚಾಪೆ ಮೂಲೆಯಿಂದ ಬಾಗಿಲ ಕಡೆಗೆ ಬೆಳೆಯತೊಡಗಿತು, ಅದರ ಜೊತೆ ದೊರೆಸಾನಿಯ ನಡಿಗೆಯೂ. ನಾಲ್ಕು ಹೆಜ್ಜೆ ಐದಾಯಿತು, ಐದು ಏಳಾಯಿತು.

ಡಾಕ್ಟರು ಒಮ್ಮೆ ನೋಡಲು ಬಂದವರು ಹೊಸಿಲಾಚೆಯೇ ನಿಂತು, "ಇಂಥದನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ನಿಲ್ಲಿಸಬೇಡಿ" ಎಂದರು.

ಆ ಹೊಗಳಿಕೆ ತಲೆಗೇರಿತೋ ಏನೋ. ಮರುವಾರ ಗಾದಿಯಕ್ಕ ಒಂದೇ ಸಲ ಎರಡು ಅಡಿ ಸೇರಿಸಿಬಿಟ್ಟಳು. ಹೊಸ ಬಟ್ಟೆ, ಕಡುನೀಲಿ. ದೊರೆಸಾನಿ ತಿರುಗಿ ನೋಡಿದಳು, ಅಷ್ಟೇ. ಮೈ ಗಡಗಡ ನಡುಗಿತು. ಮೂಲೆಗೆ ಹೋಗಿ ಗೋಡೆಗೆ ಮುಖ ಒತ್ತಿಕೊಂಡವಳು ಐದು ದಿನ ಅನ್ನ ನೀರು ಎರಡನ್ನೂ ಸರಿಯಾಗಿ ಮುಟ್ಟಲಿಲ್ಲ. ಮತ್ತೆ ಕೂತೇ ನಿದ್ದೆ ಮಾಡಿದಳು. ಗಾದಿಯಕ್ಕ ನೀಲಿ ಬಟ್ಟೆಯನ್ನು ಕಿತ್ತು ಹಾಕಿದಳು, ಅದರ ಹಿಂದಿನ ಮೂರು ಪಟ್ಟಿಗಳನ್ನೂ ಬಿಚ್ಚಿದಳು. ಆದರೂ ದೊರೆಸಾನಿ ಗೋಡೆ ಬಿಟ್ಟು ತಿರುಗಲಿಲ್ಲ.

"ಅವಳ ಆರು ವರ್ಷದ ಮುಂದೆ ನಿನ್ನ ಆರು ವಾರ ಜಾಸ್ತಿ ಆಯ್ತಾ?" ಎಂದು ಅತ್ತೆ ಕೇಳಿದರು. ದನಿಯಲ್ಲಿ ಬೈಗುಳ ಇರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಆಮೇಲೆ ಅತ್ತೆ ಬೆತ್ತದ ಸ್ಟೂಲೊಂದನ್ನು ಎಳೆದುಕೊಂಡು, ಮೂಲೆಗೆ ಬೆನ್ನು ಹಾಕಿ ಕೂತು, ಪತ್ರಿಕೆ ಬಿಡಿಸಿ ಜೋರಾಗಿ ಓದಲು ಶುರು ಮಾಡಿದರು. ಹವಾಮಾನ, ರಸ್ತೆ ದುರಸ್ತಿ, ಕಾಣೆಯಾದವರು, ಮದುವೆಗೆ ವರ ಬೇಕಾಗಿದ್ದಾನೆ. ಸಾವಿರಾರು ಜನಕ್ಕೆ "ದಯವಿಟ್ಟು ಲೈನಿನಲ್ಲೇ ಇರಿ" ಎಂದು ಹೇಳಿ ಹದವಾದ ಗಂಟಲು ಅದು. ಆರನೆಯ ದಿನ ದೊರೆಸಾನಿಯ ಒಂದು ಕಿವಿ ಆ ದನಿಯ ಕಡೆಗೆ ತಿರುಗಿತು. ಏಳನೆಯ ದಿನ ಎದ್ದು ಅನ್ನ ತಿಂದಳು. ಗಾದಿಯಕ್ಕ ಮೂಲೆಗೆ ಬೆನ್ನು ಹಾಕಿ ಕೂತು ಕಣ್ಣೊರೆಸಿಕೊಂಡಳು. ನಾಲ್ಕನೆಯ ಅಪ್ಪಣೆ ಅಂದಿನಿಂದ ಅವಳಿಗೆ ಅರ್ಥವಾಯಿತು.

ಆ ದಿನಗಳಲ್ಲೇ ಅವಳಿಗೆ ದೊಡ್ಡ ಕೆಲಸವೊಂದು ಬಂತು. ಹಳೆಯ ಚಿತ್ರಮಂದಿರವೊಂದನ್ನು ಮತ್ತೆ ತೆರೆಯುವವರಿದ್ದರು, ಇನ್ನೂರ ಹನ್ನೆರಡು ಸೀಟುಗಳಿಗೆ ಹೊಸ ಮಖಮಲ್ಲು ಹಾಕಬೇಕಿತ್ತು. ವಾರಕ್ಕೆ ಎರಡು ಸಲ ಎಂಟೆಂಟು ಸೀಟುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದವರು ಅಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರ್. ಅರವತ್ತರ ಆಸುಪಾಸಿನ, ನೀಳ ದೇಹದ, ಒಂಟಿ ಜೀವ. ಮೂವತ್ತನಾಲ್ಕು ವರ್ಷ ಕತ್ತಲೆಯ ಪುಟ್ಟ ಕೋಣೆಯಲ್ಲಿ ನಿಂತು, ಅಂಗೈಯಗಲದ ಕಿಂಡಿಯಿಂದ ಪರದೆ ನೋಡಿಕೊಂಡು ಬದುಕಿದವರು. ಎದುರಿನವರ ಮುಖ ನೋಡಿ ಮಾತಾಡುವ ಅಭ್ಯಾಸವೇ ಅವರಿಗೆ ಇರಲಿಲ್ಲ.

"ನೀವೂ ಆಪರೇಟರ್, ನಾನೂ ಆಪರೇಟರ್. ನನ್ನದು ಬರೀ ಮಾತು, ನಿಮ್ಮದು ಬರೀ ಚಿತ್ರ" ಎಂದರು ಅತ್ತೆ ಮೊದಲ ದಿನವೇ.

ಅವರು ಗೋಡೆಯ ಕಡೆ ನೋಡುತ್ತಾ ತಲೆಯಾಡಿಸಿದರು. ಗಾದಿಯಕ್ಕ ಸೀಟುಗಳ ಕಟ್ಟು ಪರೀಕ್ಷಿಸುವ ತನಕ ಅವರು ಸ್ಟೂಲಿನ ಮೇಲೆ, ಯಾರೂ ಹೇಳಿಕೊಡದೆಯೇ, ದೊರೆಸಾನಿಗೆ ಮಗ್ಗುಲು ತೋರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲುಗದೆ ಕೂತಿರುವರು. ಕಾಯುವುದು ಅವರಿಗೆ ಉಸಿರಾಟದಷ್ಟು ಸಲೀಸು. ದೊರೆಸಾನಿ ಅವರು ಬಂದಾಗ ಮೂಲೆಗೆ ಓಡುವುದನ್ನು ನಿಲ್ಲಿಸಿದಳು. ಗಾದಿಯಕ್ಕ ಅದನ್ನು ಗಮನಿಸಿದಳು, ಆದರೆ ತನ್ನ ಚಾಪೆಯ ಮಹಿಮೆ ಅಂದುಕೊಂಡಳು.

ನಾಲ್ಕು ತಿಂಗಳಾಗುವ ಹೊತ್ತಿಗೆ ಚಾಪೆ ಹದಿನೇಳು ಅಡಿ ಆಗಿತ್ತು. ಬಾಗಿಲಿಗೆ ಇನ್ನು ಒಂಬತ್ತು ಅಡಿ ಉಳಿದಿತ್ತು. ಬೋಳು ಮೈಯಲ್ಲಿ ಜೇನುಬಣ್ಣದ ಮೆತ್ತನೆ ಕೂದಲು ಬಂದಿತ್ತು. ಆ ಸೋಮವಾರ ಪಟ್ಟಿ ಸೇರಿಸಬೇಕಿತ್ತು, ಆದರೆ ಮಖಮಲ್ಲಿನ ಕೆಲಸ ಮೈಮೇಲೆ ಬಿದ್ದು ಆಗಿರಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತು. ಅತ್ತೆ ಪತ್ರಿಕೆ ಓದುತ್ತಿದ್ದರು. ಆಪರೇಟರ್ ಸ್ಟೂಲಿನ ಮೇಲಿದ್ದರು. ಗಾದಿಯಕ್ಕನ ಬಾಯ್ತುಂಬ ಮೊಳೆ. ದೊರೆಸಾನಿ ಚಾಪೆಯ ಕೊನೆಯವರೆಗೆ ನಡೆದು ಬಂದು ಹೊಸ ಪಟ್ಟಿಗಾಗಿ ಮೂಸಿದಳು. ಇರಲಿಲ್ಲ. ತಲೆಯೆತ್ತಿ ಗಾದಿಯಕ್ಕನ ಮುಖವನ್ನು ನೋಡಿದಳು.

ಅಷ್ಟು ದಿನದಲ್ಲಿ ಅದು ಮೊದಲ ನೋಟ. ಕಂದುಬಣ್ಣದ, ನೇರವಾದ, ಕೇಳುವ ನೋಟ. ಎಲ್ಲಿ ನನ್ನ ಪಟ್ಟಿ, ಎಂದು. ಗಾದಿಯಕ್ಕನಿಗೆ ತಾನೀಗ ಅವಳನ್ನು ನೋಡಬಾರದು ಎಂಬುದೂ ನೆನಪಾಗಲಿಲ್ಲ. ನೋಡಿದಳು. ಇಬ್ಬರೂ ನೋಡಿಕೊಂಡರು.

ಆಮೇಲೆ ದೊರೆಸಾನಿ ಮುಂಗಾಲನ್ನು ಎತ್ತಿ ಬರಿ ಸಿಮೆಂಟಿನ ಮೇಲೆ ಇಟ್ಟಳು.

"ನಾಳೆ ಕೆಲವು ಕಡೆ ಒಣಹವೆ ಮುಂದುವರಿಯಲಿದೆ" ಎಂದು ಅತ್ತೆ ಓದಿದರು. ಎರಡನೆಯ ಕಾಲು ಇಳಿಯಿತು. ದನಿ ಬದಲಾದರೆ ಎಲ್ಲಿ ಹೆದರುತ್ತಾಳೋ ಎಂದು ಅತ್ತೆ ಮುಂದಿನ ಸಾಲಿಗೆ ಹೋಗದೆ, "ನಾಳೆ ಕೆಲವು ಕಡೆ ಒಣಹವೆ ಮುಂದುವರಿಯಲಿದೆ" ಎಂದು ಅದನ್ನೇ, ಅದೇ ಏರಿಳಿತದಲ್ಲಿ ಓದಿದರು. ಹಿಂಗಾಲು ಎರಡೂ ಬಂದವು. ಅತ್ತೆ ಆ ಒಣಹವೆಯನ್ನು ಏಳು ಸಲ ಮುಂದುವರಿಸಿದರು. ದೊರೆಸಾನಿ ಒಂಬತ್ತು ಅಡಿ ಸಿಮೆಂಟನ್ನು, ಆಳ ತಿಳಿಯದ ನೀರಿಗೆ ಇಳಿದವಳ ಹಾಗೆ ಒಂದೊಂದೇ ಪಾದ ಊರಿ ದಾಟಿದಳು. ಹೊಸಿಲ ಬಳಿ ನಿಂತಳು. ಅಲ್ಲಿ ಬೀದಿಯ ಬಿಸಿಲು ಒಳಗೆ ಬಿದ್ದಿತ್ತು. ಅದರಲ್ಲಿ ಮೂತಿ ಇಟ್ಟು ಕಣ್ಣು ಮುಚ್ಚಿದಳು.

ಗಾದಿಯಕ್ಕ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡಳು.

ಅಲ್ಲಿಂದಾಚೆಗೆ ದಿನಗಳು ಓಡಿದವು. ಬೀದಿ, ಮೆಟ್ಟಿಲು, ಸ್ನಾನ, ಕೊರಳಪಟ್ಟಿ. ಸೈಕಲ್ಲಿನ ಗಂಟೆಗೆ ಎರಡು ವಾರ ಹೆದರಿದಳು, ಗುಡುಗಿಗೆ ಹೆದರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ತಂಗಿ, "ಇವಳು ಇನ್ನೂ ಓಡಿಲ್ಲ. ಓಡೋಕೆ ಬರುತ್ತೋ ಇಲ್ವೋ ನೋಡಬೇಕು" ಎಂದಳು. ಚಿತ್ರಮಂದಿರದ ಹಿಂದೆ ಗಾಡಿ ನಿಲ್ಲಿಸುತ್ತಿದ್ದ ದೊಡ್ಡ ಬಯಲಿದೆ, ಸುತ್ತ ಎತ್ತರದ ಗೋಡೆಯಿದೆ, ಬೀಗದ ಕೈ ತಮ್ಮಲ್ಲಿದೆ ಎಂದು ಆಪರೇಟರ್ ಹೇಳಿದರು. ಅಷ್ಟು ಉದ್ದದ ವಾಕ್ಯವನ್ನು ಅವರ ಬಾಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ.

ಎಲ್ಲರೂ ಹೋದರು, ಅತ್ತೆ ಸಮೇತ. ಗೇಟು ಹಾಕಿ, ಮೂವತ್ತಡಿ ಹಗ್ಗ ಕಟ್ಟಿ ಬಿಟ್ಟರು.

ದೊರೆಸಾನಿ ಓಡಲಿಲ್ಲ. ನಿಂತಳು. ಎದುರಿಗೆ ಬಯಲು, ಅದರಾಚೆ ಗೋಡೆ, ಗೋಡೆಯಾಚೆ ಮರಗಳ ತುದಿ, ಅದರಾಚೆ ಎಲ್ಲಿಗೂ ಮುಗಿಯದ ಬೆಳಕು.

"ದೂರ ಅನ್ನೋದನ್ನ ಇವಳ ಕಣ್ಣು ಯಾವತ್ತೂ ನೋಡಿಲ್ಲ" ಎಂದು ತಂಗಿ ಪಿಸುಗುಟ್ಟಿದಳು. "ಕೋಣೆಯಿಂದ ಬೀದಿ, ಬೀದಿಯಿಂದ ಮನೆ. ಇದೇ ಮೊದಲು."

ಹಕ್ಕಿಯೊಂದು ಗೋಡೆಯ ಮೇಲಿಂದೆದ್ದು ನೆತ್ತಿಯ ಮೇಲೆ ಹಾದುಹೋಯಿತು. ದೊರೆಸಾನಿಯ ಕತ್ತು ಅದರ ಜೊತೆಗೇ ಮೇಲೇರಿತು. ಇನ್ನೂ ಮೇಲೇರಿತು. ಹಕ್ಕಿಯನ್ನು ಬಿಡಲಾರದೆ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾ ಬಾಗಿಸುತ್ತಾ ತೂಕ ತಪ್ಪಿ ಹಿಂಗಾಲ ಮೇಲೆ ಕೂತುಬಿಟ್ಟಳು. ಹಕ್ಕಿ ಹೋಯಿತು. ಅವಳು ಆಕಾಶ ನೋಡುತ್ತಲೇ ಇದ್ದಳು. ಐದು ನಿಮಿಷ, ಹತ್ತು ನಿಮಿಷ. ಅವಳನ್ನು ನೋಡಿ ಗಾದಿಯಕ್ಕನೂ ತಲೆಯೆತ್ತಿದಳು. ಅತ್ತೆಯೂ, ತಂಗಿಯೂ. ತೆಳ್ಳನೆಯ ಮೋಡವೊಂದು ಬಿಡಿಸಿದ ಹತ್ತಿಯಂತೆ ಚದುರಿಕೊಂಡು ಹೋಗುತ್ತಿತ್ತು. ದಿನವೂ ತಲೆಯ ಮೇಲೇ ಇದ್ದದ್ದು. ಇಷ್ಟು ದೊಡ್ಡದಾಗಿ ಇದ್ದದ್ದು ಯಾವಾಗಿನಿಂದ ಎಂದು ಗಾದಿಯಕ್ಕನಿಗೆ ಅನಿಸಿತು.

ಆಮೇಲೆ ಹಗ್ಗ ಗಾದಿಯಕ್ಕನ ಕೈಯಿಂದ ಜಾರಿತು.

ಯಾರೂ ಅಟ್ಟಿರಲಿಲ್ಲ, ಯಾರೂ ಕರೆದಿರಲಿಲ್ಲ. ದೊರೆಸಾನಿ ಓಡುತ್ತಿದ್ದಳು. ಮೊದಲು ಮೊಲದ ಹಾಗೆ ಕುಪ್ಪಳಿಸಿ, ಆಮೇಲೆ ಕಾಲುಗಳಿಗೆ ಏನೋ ತಿಳಿದು, ಹೊಟ್ಟೆ ನೆಲಕ್ಕೆ ಸಮವಾಗಿ. ತಿರುಗುವುದು ಹೇಗೆಂದು ಗೊತ್ತಿಲ್ಲದೆ ಗೋಡೆಯ ಬಳಿ ಜಾರಿ, ಉರುಳಿ, ಎದ್ದು, ಧೂಳು ಕೊಡವದೆ ಮತ್ತೆ ಓಡಿದಳು. ಆರು ವರ್ಷ ನಾಲ್ಕು ಹೆಜ್ಜೆಗೆ ತಿರುಗಿದ ಮೈಯೊಳಗೆ ಈ ಓಟ ಎಲ್ಲಿ ಅಡಗಿತ್ತು? ಯಾರು ಇಟ್ಟಿದ್ದರು ಅದನ್ನು ಅಷ್ಟು ಭದ್ರವಾಗಿ, ಒಂದು ನೂಲೂ ಸವೆಯದ ಹಾಗೆ? ಎಷ್ಟೋ ಕುರ್ಚಿಗಳ ಒಡಲನ್ನು ಬಿಚ್ಚಿ ನೋಡಿದವಳು ಗಾದಿಯಕ್ಕ. ಆದರೂ ಒಳಗೆ ಇಂಥದ್ದೊಂದು ಇದ್ದೀತು ಎಂದು ಅವಳು ಯಾವತ್ತೂ ಊಹಿಸಿರಲಿಲ್ಲ. ಅತ್ತೆ ಅವಳ ತೋಳು ಹಿಡಿದುಕೊಂಡಿದ್ದರು.

ಕೊನೆಗೆ ದೊರೆಸಾನಿ ನಾಲಿಗೆ ಚಾಚಿಕೊಂಡು, ಏದುಸಿರು ಬಿಡುತ್ತಾ ಅವರ ಕಡೆ ಬಂದಳು. ಗಾದಿಯಕ್ಕ ಮಂಡಿಯೂರಿ ಕೂತಳು. ಕೈ ಚಾಚಲಿಲ್ಲ, ಆದರೆ ಅಂಗೈ ತೆರೆದಿತ್ತು. ದೊರೆಸಾನಿ ಅವಳ ಪಕ್ಕದಲ್ಲೇ ಹಾದುಹೋದಳು. ಅತ್ತೆಯನ್ನು ದಾಟಿದಳು. ಗೋಡೆಯ ನೆರಳಲ್ಲಿ ಮಗ್ಗುಲು ತಿರುಗಿಸಿ ಕೂತಿದ್ದ ಆಪರೇಟರ್ ಬಳಿ ನಿಂತು, ಒಂದು ಕ್ಷಣ ಯೋಚಿಸಿ, ಅವರ ಬೂಟಿನ ಮೇಲೆ ಗದ್ದವಿಟ್ಟು ಮಲಗಿದಳು.

ಅವಳಾಗಿಯೇ ಒಬ್ಬ ಮನುಷ್ಯನನ್ನು ಮುಟ್ಟಿದ್ದು ಅದೇ ಮೊದಲು.

ಆಪರೇಟರ್ ಅಲುಗಲಿಲ್ಲ. ಅವರ ಕಣ್ಣಿಂದ ನೀರು ಇಳಿದು ಗದ್ದದಲ್ಲಿ ನಿಂತಿತ್ತು, ಒರೆಸಿಕೊಳ್ಳಲು ಕೈ ಎತ್ತಿದರೆ ಎಲ್ಲಿ ಎದ್ದುಹೋಗುತ್ತಾಳೋ ಎಂದು ಅದನ್ನೂ ಹಾಗೇ ಬಿಟ್ಟಿದ್ದರು.

ಗಾದಿಯಕ್ಕ ತೆರೆದ ಅಂಗೈಯನ್ನು ಮಡಿಚಿಕೊಂಡಳು. ಸುಳ್ಳು ಯಾಕೆ ಹೇಳಬೇಕು, ಹೊಟ್ಟೆಕಿಚ್ಚೇ ಅದು. ಅನ್ನ ಹಾಕಿದ್ದು ತಾನು, ರೆಕ್ಸಿನ್ ತೊಳೆದದ್ದು ತಾನು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಐವತ್ತು ಪಟ್ಟಿ ಹೊಲಿದದ್ದು ತಾನು. ಆದರೆ ಆ ಕಿಚ್ಚು ಬಹಳ ಹೊತ್ತು ನಿಲ್ಲಲಿಲ್ಲ. ಏನು ಬೇಕೆಂದು ಯಾರೂ ಕೇಳದೆ ಆರು ವರ್ಷ ಕಳೆದವಳು ಇವತ್ತು ಇಷ್ಟು ಜನರಲ್ಲಿ ನನಗೆ ಇವರು ಬೇಕು ಎಂದಿದ್ದಾಳೆ. ಬೇಕು ಎನ್ನುವುದು ಅವಳಿಗೆ ಬಂದಿದೆ. ಅದರ ಮುಂದೆ ತನ್ನ ಐವತ್ತು ಪಟ್ಟಿ ಯಾವ ಲೆಕ್ಕ ಎಂದು ಗಾದಿಯಕ್ಕ ಎದ್ದು ಮಂಡಿಯ ಧೂಳು ಕೊಡವಿಕೊಂಡಳು.

ಎರಡು ವಾರ ಗಾದಿಯಕ್ಕ ಅದನ್ನೇ ಯೋಚಿಸಿದಳು. ಕೊನೆಯ ನಾಲ್ಕು ಸೀಟುಗಳನ್ನು ಒಯ್ಯಲು ಆಪರೇಟರ್ ಬಂದ ದಿನ, ಗಾಡಿಗೆ ಹಗ್ಗ ಬಿಗಿಯುತ್ತಾ, "ಇವಳನ್ನೂ ಕರ್ಕೊಂಡು ಹೋಗಿ" ಎಂದಳು.

ಅವರು ಗಾಡಿಯ ಚಕ್ರ ನೋಡುತ್ತಾ ನಿಂತರು. "ನನಗೆ ಮಾತಾಡೋಕೆ ಬರಲ್ಲ. ಮನೆಯಲ್ಲಿ ಒಂಟಿ. ಅವಳಿಗೆ ಬೇಜಾರಾಗಲ್ವಾ?"

"ಮಾತು ಬೇಕಾದಾಗ ಇಲ್ಲಿಗೆ ಕರ್ಕೊಂಡು ಬನ್ನಿ" ಎಂದರು ಅತ್ತೆ. "ನನ್ನ ಹತ್ರ ಬೇಕಾದಷ್ಟು ಇದೆ."

ದೊರೆಸಾನಿ ಗಾಡಿಯ ಪಕ್ಕದಲ್ಲಿ, ಹಗ್ಗ ಸಡಿಲವಾಗಿ ಜೋತಾಡುತ್ತಿರಲು, ಬೀದಿಯ ಕೊನೆಯವರೆಗೆ ನಡೆದುಹೋದಳು. ಅಂದು ಅತ್ತೆ ಪತ್ರಿಕೆ ಬಿಡಿಸಲಿಲ್ಲ. ಗಾದಿಯಕ್ಕ ಯಾರದೋ ಕುರ್ಚಿಗೆ ಬಟ್ಟೆಯನ್ನು ತಲೆಕೆಳಗಾಗಿ ಹೊಡೆದು, ಮತ್ತೆ ಕಿತ್ತಳು. ವಾರದೊಳಗೆ ತಂಗಿ ಇನ್ನೊಂದು ಕಂಬಳಿಯ ಗಂಟು ತಂದಳು. ಇಪ್ಪತ್ತನಾಲ್ಕನೆಯ ಗೂಡಿನದು, ಒಂದು ಕಣ್ಣಿಲ್ಲದ ಮುದುಕ. ಅಕ್ಕ ಟೇಪು ಹುಡುಕಿದಳು.

ತಿಂಗಳು ಕಳೆದ ಮೇಲೆ ಒಂದು ಸಂಜೆ ಗಾದಿಯಕ್ಕ ಮತ್ತು ಅತ್ತೆ ಆಪರೇಟರ್ ಮನೆಗೆ ಹೋದರು. ಎರಡನೆಯ ಮಹಡಿ, ಹಳದಿ ಬಾಗಿಲು. ಗಾದಿಯಕ್ಕ ಗಂಟೆ ಒತ್ತಿದಳು.

ಒಳಗಿನಿಂದ ಒಂದು ಸದ್ದು ಬಂತು. ಒರಟಾದ, ಒಡೆದ, ಎಣ್ಣೆ ಕಾಣದ ಕೀಲಿನಂಥ ಸದ್ದು. ಇಬ್ಬರೂ ಮುಖ ಮುಖ ನೋಡಿಕೊಂಡರು. ತಮ್ಮ ಮನೆಯಲ್ಲಿದ್ದ ಅಷ್ಟೂ ತಿಂಗಳು ದೊರೆಸಾನಿ ಒಮ್ಮೆಯೂ ಬೊಗಳಿರಲಿಲ್ಲ. ಅವಳಿಗೆ ದನಿ ಇದೆ ಎಂಬುದನ್ನೇ ಅವರು ಯೋಚಿಸಿರಲಿಲ್ಲ. ಸದ್ದು ಮತ್ತೆ ಬಂತು, ಈ ಬಾರಿ ಎರಡು ಸಲ, ಬಾಗಿಲಿಗೆ ಹತ್ತಿರವಾಗಿ. ಯಾರದು, ಇದು ನಮ್ಮ ಮನೆ, ಯಾರದು ಎಂದು ಗದರುವ ದನಿ. ಗಾದಿಯಕ್ಕ ಗಂಟೆಯ ಮೇಲಿಟ್ಟ ಬೆರಳನ್ನು ತೆಗೆಯದೆ ನಿಂತಳು. ತನ್ನನ್ನು ಹೊರಗಿನವಳೆಂದು ಬೊಗಳುತ್ತಿರುವ ಆ ದನಿಯನ್ನು, ಮೈಯೆಲ್ಲ ಕಿವಿಯಾಗಿ ಕೇಳಿದಳು.

ಬಾಗಿಲು ತೆರೆಯಿತು. ದೊರೆಸಾನಿ ಅವರನ್ನು ಕಂಡು, ಬೊಗಳಿದ್ದಕ್ಕೆ ನಾಚಿದವಳಂತೆ ಕಿವಿ ಇಳಿಬಿಟ್ಟು ಬಾಲ ಬೀಸಿದಳು. ಅವಳ ಹಿಂದೆ ಆಪರೇಟರ್ ನಿಂತಿದ್ದರು.

"ಮೊನ್ನೆಯಿಂದ ಶುರು ಮಾಡಿದ್ದಾಳೆ" ಎಂದರು ಅವರು, ಗಾದಿಯಕ್ಕನ ಮುಖವನ್ನು ನೇರವಾಗಿ ನೋಡಿ. "ಪಕ್ಕದ ಮನೆಯವರು ಆಗಲೇ ಎರಡು ಸಲ ದೂರು ಕೊಟ್ಟಿದ್ದಾರೆ."

ಮಕ್ಕಳಿಗೆ ಬಂದ ಬಹುಮಾನದ ಸುದ್ದಿಯನ್ನು ಜನ ಹೇಗೆ ಹೇಳುತ್ತಾರೋ ಹಾಗೆ ಹೇಳಿದರು.